ಗುಡ್ ಫ್ರೈಡೆಗೆ ನಿಶ್ಚಿತ ತಾರೀಕು ಏಕಿಲ್ಲ?

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಮುಂದಿನ ವರ್ಷದ ರಜಾ ಪಟ್ಟಿ ಹೊರಬಿದ್ದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ಕ್ರಿಸ್‌ಮಸ್ ಪ್ರತಿ ವರ್ಷವೂ ಡಿಸೆಂಬರ್ 25ಕ್ಕೇ ಬರುತ್ತದೆ; ಗುಡ್ ಫ್ರೈಡೆ ಮಾತ್ರ 2024ರಲ್ಲಿ ಮಾರ್ಚ್ 29, 2025ರಲ್ಲಿ ಏಪ್ರಿಲ್ 18, 2026ರಲ್ಲಿ ಏಪ್ರಿಲ್ 3 ಎಂದು ಅಲೆದಾಡುವುದೇಕೆ? ಇದರ ಬೆನ್ನಿಗೇ ಬೇರೆ ಪ್ರಶ್ನೆಗಳೂ ಬರುತ್ತವೆ. ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನ 'ಗುಡ್' ಹೇಗಾಯಿತು? ನಲವತ್ತು ದಿನಗಳ ವ್ರತವೆಂದು ಹೇಳುತ್ತಾರೆ, ಎಣಿಸಿದರೆ ನಲವತ್ತಾರು ದಿನಗಳಾಗುತ್ತವಲ್ಲ? ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಒಂದು ಬುಧವಾರ ಕಥೋಲಿಕ ಸಹೋದ್ಯೋಗಿಗಳು ಹಣೆಗೆ ಬೂದಿ ಹಚ್ಚಿಕೊಂಡು ಬರುವುದೇಕೆ?

ಕೇಳುವವರಲ್ಲಿ ಕುಚೋದ್ಯವಿರುವುದಿಲ್ಲ; ನಿಜವಾದ ಕುತೂಹಲವೇ ಇರುತ್ತದೆ. ಆದರೆ ಉತ್ತರ ಸಿಗದಿದ್ದಾಗ 'ಅವರದೇನೋ ಬೇರೆ ಲೆಕ್ಕ' ಎಂಬ ಮಾತಿನಲ್ಲಿ ಸಂಭಾಷಣೆ ಮುಗಿಯುತ್ತದೆ. ಈ ಲೆಕ್ಕ ನಾವು ತಿಳಿದಷ್ಟು ಬೇರೆಯದಲ್ಲ. ಮನೆಯ ಗೋಡೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗವೋ ಉಡುಪಿ ಪಂಚಾಂಗವೋ ತೂಗಾಡುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಇದರ ಕೀಲಿಕೈ ಆಗಲೇ ದೊರೆತಿದೆ.

ಮೊದಲು ಚಂದ್ರನ ಮಾತು. ಸುವಾರ್ತೆಗಳ ಪ್ರಕಾರ ಯೇಸುವಿನ ಮರಣ ಸಂಭವಿಸಿದ್ದು ಯೆಹೂದ್ಯರ ಪಾಸ್ಕ ಹಬ್ಬದ ಸಮಯದಲ್ಲಿ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಆ ಹಬ್ಬವು ವಸಂತದ ನಿಸಾನ್ ಮಾಸದ ಹುಣ್ಣಿಮೆಯ ಹಬ್ಬ. ಯೆಹೂದ್ಯರ ಮಾಸ ನಮ್ಮದರಂತೆಯೇ ಚಾಂದ್ರಮಾಸ. ಋತು ತಪ್ಪದಂತೆ ಆಗಾಗ ಒಂದು ಅಧಿಕ ಮಾಸವನ್ನು ಸೇರಿಸುವ ಪದ್ಧತಿಯೂ ಅವರಲ್ಲಿದೆ. ಯೇಸುವಿನ ಪುನರುತ್ಥಾನವನ್ನು ಸ್ಮರಿಸತೊಡಗಿದ ಮೊದಲ ತಲೆಮಾರುಗಳ ಮುಂದೆ ಸಹಜವಾಗಿಯೇ ಎರಡು ದಾರಿಗಳಿದ್ದವು. ಏಷ್ಯಾ ಮೈನರಿನ ಸಭೆಗಳು ವಾರ ಯಾವುದೇ ಇರಲಿ, ನಿಸಾನ್ ಮಾಸದ ಹದಿನಾಲ್ಕನೆಯ ದಿನವನ್ನೇ ಹಿಡಿದವು. ರೋಮಿನ ಸಭೆ ತಿಥಿಗಿಂತ ವಾರ ಮುಖ್ಯವೆಂದು, ಪುನರುತ್ಥಾನದ ವಾರವಾದ ಭಾನುವಾರವನ್ನು ಹಿಡಿಯಿತು. ಎರಡನೆಯ ಶತಮಾನದ ಕೊನೆಗೆ ಈ ಭಿನ್ನತೆ ಎಷ್ಟು ಬಿಗಡಾಯಿಸಿತೆಂದರೆ ರೋಮಿನ ಬಿಷಪ್ ವಿಕ್ಟರ್ ಏಷ್ಯಾದ ಸಭೆಗಳನ್ನು ಬಹಿಷ್ಕರಿಸಲು ಮುಂದಾದನು. ಸ್ಮಾರ್ತ ಏಕಾದಶಿ ಒಂದು ದಿನ, ವೈಷ್ಣವ ಏಕಾದಶಿ ಮರುದಿನ ಎಂಬುದನ್ನು ಕಂಡ ನಮಗೆ ಈ ಜಗಳದ ಧಾಟಿ ಅಪರಿಚಿತವಲ್ಲ. ಯಾವ ದಿನ ಉಪವಾಸ ಎಂಬ ಪ್ರಶ್ನೆಯ ಹಿಂದೆ, ಅದನ್ನು ನಿರ್ಣಯಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಸದಾ ಇದ್ದೇ ಇರುತ್ತದೆ.

ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆದ ನೈಸಿಯಾ ಮಹಾಸಭೆ ಎಲ್ಲ ಸಭೆಗಳೂ ಒಂದೇ ಭಾನುವಾರ ಈಸ್ಟರ್ ಆಚರಿಸಬೇಕೆಂದು ತೀರ್ಮಾನಿಸಿತು. ಕ್ರಮೇಣ ನೆಲೆಗೊಂಡ ಸೂತ್ರ ಇದು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯನ್ನು ಗುರುತಿಸಬೇಕು, ಆ ಹುಣ್ಣಿಮೆಯ ನಂತರದ ಮೊದಲ ಭಾನುವಾರವೇ ಈಸ್ಟರ್. ಈ ಒಂದೇ ವಾಕ್ಯದಲ್ಲಿ ಮೂರು ಗಡಿಯಾರಗಳು ಒಟ್ಟಿಗೆ ನಡೆಯುತ್ತಿವೆ. ವಿಷುವತ್ ಎಂಬುದು ಸೂರ್ಯನದು, ಹುಣ್ಣಿಮೆ ಚಂದ್ರನದು, ಭಾನುವಾರ ಯೆಹೂದ್ಯರಿಂದ ಬಂದ ಏಳು ದಿನಗಳ ವಾರದ್ದು. ಮೂರೂ ಕೂಡಿಬರಬೇಕಾದ್ದರಿಂದಲೇ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಅದಕ್ಕಿಂತ ಎರಡು ದಿನ ಹಿಂದಿನ ಗುಡ್ ಫ್ರೈಡೆಯೂ ಅದರೊಂದಿಗೇ ಚಲಿಸುತ್ತದೆ.

ಇಲ್ಲಿ ಹೇಳುವ ಹುಣ್ಣಿಮೆ ಆಕಾಶದಲ್ಲಿ ಕಂಡ ಹುಣ್ಣಿಮೆಯಲ್ಲ, ಲೆಕ್ಕದ ಹುಣ್ಣಿಮೆ. ಹತ್ತೊಂಬತ್ತು ಸೌರವರ್ಷಗಳಿಗೆ 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸರಿಹೊಂದುತ್ತವೆ ಎಂಬ ಪ್ರಾಚೀನ ಗಣಿತವನ್ನು ಚರ್ಚು ಬಳಸಿಕೊಂಡಿತು. ಹತ್ತೊಂಬತ್ತನ್ನು ಹನ್ನೆರಡರಿಂದ ಗುಣಿಸಿದರೆ 228; ಉಳಿದ ಏಳು ಅಧಿಕ ಮಾಸಗಳು. ನಮ್ಮ ಪಂಚಾಂಗದಲ್ಲಿಯೂ ಹತ್ತೊಂಬತ್ತು ವರ್ಷಗಳಲ್ಲಿ ಸುಮಾರು ಏಳು ಅಧಿಕ ಮಾಸಗಳೇ ಬರುತ್ತವೆ. ಚಂದ್ರ ಎಲ್ಲರಿಗೂ ಒಬ್ಬನೇ ಆದ್ದರಿಂದ ಲೆಕ್ಕವೂ ಒಂದೇ ಆಗುವುದು ಅನಿವಾರ್ಯ.

ಈ ಲೆಕ್ಕದಲ್ಲಿ ಒಂದು ದೋಷ ಮೊದಲಿನಿಂದಲೂ ಅಡಗಿತ್ತು. ಜೂಲಿಯಸ್ ಸೀಸರನ ಕ್ಯಾಲೆಂಡರು ವರ್ಷಕ್ಕೆ 365 ದಿನ 6 ಗಂಟೆ ಎಂದು ಎಣಿಸಿತ್ತು. ನಿಜವಾದ ಋತುವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ಒಂದು ವರ್ಷಕ್ಕೆ ಲೆಕ್ಕಕ್ಕೇ ಬಾರದ ಅವಧಿ. ಶತಮಾನಗಳಲ್ಲಿ ಅದು ಬೆಳೆಯುತ್ತದೆ. ಹದಿನಾರನೆಯ ಶತಮಾನದ ಹೊತ್ತಿಗೆ ವಸಂತ ವಿಷುವತ್ತು ಮಾರ್ಚ್ 21ರ ಬದಲು ಮಾರ್ಚ್ 11ರ ಸುಮಾರಿಗೇ ಬರತೊಡಗಿತ್ತು. ಸರಿಪಡಿಸದಿದ್ದರೆ ಈಸ್ಟರ್ ನಿಧಾನವಾಗಿ ವಸಂತವನ್ನು ಬಿಟ್ಟು ಬೇಸಿಗೆಗೆ ಜಾರುತ್ತಿತ್ತು. ಇಟಲಿಯ ವೈದ್ಯ ಅಲೋಯ್ಸಿಯಸ್ ಲಿಲಿಯಸ್ ಒಂದು ಸುಧಾರಣೆಯನ್ನು ರೂಪಿಸಿದನು. ಯೇಸುಸಭೆಯ ಗಣಿತಜ್ಞ ಕ್ರಿಸ್ಟೋಫರ್ ಕ್ಲೇವಿಯಸ್ ಅದನ್ನು ವಿವರಿಸಿ ಸಮರ್ಥಿಸಿದನು. ಪೋಪ್ ಹದಿಮೂರನೆಯ ಗ್ರೆಗರಿ 1582ರ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದನು. ಅದರಂತೆ 1582ರ ಅಕ್ಟೋಬರ್ 4, ಗುರುವಾರದ ಮರುದಿನ ಅಕ್ಟೋಬರ್ 15, ಶುಕ್ರವಾರವಾಯಿತು. ಹತ್ತು ದಿನಗಳು ಕ್ಯಾಲೆಂಡರಿನಿಂದ ಅಳಿಸಿಹೋದವು. ಸ್ಪೇನಿನ ಸಂತ ಆವಿಲಾದ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿಯೇ. ಆಕೆಯ ಹಬ್ಬವನ್ನು ಇಂದಿಗೂ ಅಕ್ಟೋಬರ್ 15ರಂದು ಆಚರಿಸುತ್ತಾರೆ.

ಇಂದು ನಮ್ಮ ಬ್ಯಾಂಕು, ರೈಲು, ನ್ಯಾಯಾಲಯ, ಸಂಬಳ ಎಲ್ಲವೂ ನಡೆಯುವುದು ಈ ಗ್ರೆಗೋರಿಯನ್ ಕ್ಯಾಲೆಂಡರಿನಂತೆ. ಇದು ಹುಟ್ಟಿದ್ದು ವ್ಯಾಪಾರಕ್ಕಾಗಿಯೂ ಅಲ್ಲ, ಆಡಳಿತಕ್ಕಾಗಿಯೂ ಅಲ್ಲ; ಒಂದು ಹುಣ್ಣಿಮೆಯನ್ನು ಅದರ ಋತುವಿನಲ್ಲಿ ನಿಲ್ಲಿಸುವುದಕ್ಕಾಗಿ. ಹಾಗಾಗಿಯೇ ಪ್ರಾಟೆಸ್ಟಂಟ್ ಬ್ರಿಟನ್ ಪೋಪನ ಕ್ಯಾಲೆಂಡರನ್ನು 170 ವರ್ಷ ದೂರವಿಟ್ಟಿತು. ಕೊನೆಗೆ 1752ರಲ್ಲಿ ಬ್ರಿಟನ್ನೂ ಅದರ ಅಧೀನ ಪ್ರದೇಶಗಳೂ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಒಪ್ಪಿಕೊಂಡವು. ರಷ್ಯಾ ಒಪ್ಪಿದ್ದು 1918ರಲ್ಲಿ. ಬಹುಪಾಲು ಪೌರಸ್ತ್ಯ ಆರ್ಥಡಾಕ್ಸ್ ಸಭೆಗಳು ಈಸ್ಟರನ್ನು ಇಂದಿಗೂ ಹಳೆಯ ಲೆಕ್ಕದಲ್ಲೇ ನಿರ್ಣಯಿಸುತ್ತವೆ. 2024ರಲ್ಲಿ ಕಥೋಲಿಕರ ಈಸ್ಟರ್ ಮಾರ್ಚ್ 31ಕ್ಕೆ ಬಂದರೆ ಆರ್ಥಡಾಕ್ಸ್ ಈಸ್ಟರ್ ಮೇ 5ಕ್ಕೆ ಬಂತು. 2025ರಲ್ಲಿ ಎರಡೂ ಏಪ್ರಿಲ್ 20ರಂದೇ ಕೂಡಿಬಂದವು.

ನಮ್ಮಲ್ಲಿಯೂ ಇಂಥದೊಂದು ಪ್ರಯತ್ನ ನಡೆದದ್ದನ್ನು ಇಲ್ಲಿ ನೆನೆಯಬೇಕು. ಸ್ವಾತಂತ್ರ್ಯಾನಂತರ 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಭಾರತ ಸರ್ಕಾರ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಪಂಚಾಂಗಗಳನ್ನು ಪರಿಶೀಲಿಸಿದ ಸಮಿತಿ, ನಮ್ಮ ಎಣಿಕೆ ಋತುಗಳಿಂದ ಸುಮಾರು 23 ದಿನ ಸರಿದಿದೆಯೆಂದು ತೋರಿಸಿತು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಉತ್ತರಾಯಣದ ಎಳ್ಳುಬೆಲ್ಲ ಬೀರುವುದು ಜನವರಿ 14ರ ಸುಮಾರಿಗೆ. ಸಮಿತಿಯ ವರದಿಯಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂತು. ಭಾರತದ ರಾಜಪತ್ರದ ಮೇಲೆ ಇಂದಿಗೂ ಅದರ ದಿನಾಂಕ ಅಚ್ಚಾಗುತ್ತದೆ. ಸಂಕ್ರಾಂತಿ ಮಾತ್ರ ತನ್ನ ಹಳೆಯ ಜಾಗದಲ್ಲೇ ಉಳಿಯಿತು. ಜನರು ಹಬ್ಬದ ದಿನವನ್ನು ಬಿಟ್ಟುಕೊಡುವುದು ಸುಲಭವಲ್ಲ. ಆ ದೃಷ್ಟಿಯಿಂದ ನೋಡಿದರೆ 1582ರಲ್ಲಿ ಹತ್ತು ದಿನಗಳನ್ನು ಕತ್ತರಿಸಲು ಎಷ್ಟು ದೊಡ್ಡ ಅಧಿಕಾರ ಬೇಕಾಗಿತ್ತೆಂಬುದು ತಿಳಿಯುತ್ತದೆ.

ಈಸ್ಟರ್ ಚಂದ್ರನ ಹಿಂದೆ ನಡೆದರೆ ಕ್ರಿಸ್‌ಮಸ್ ಸೂರ್ಯನನ್ನು ಹಿಡಿದಿದೆ. ಯೇಸು ಹುಟ್ಟಿದ ದಿನಾಂಕವನ್ನು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25ರ ಉಲ್ಲೇಖ ಸ್ಪಷ್ಟವಾಗಿ ದೊರೆಯುವುದು ಕ್ರಿ.ಶ. 354ರಲ್ಲಿ ರೋಮಿನಲ್ಲಿ ಸಿದ್ಧವಾದ ಒಂದು ವಾರ್ಷಿಕ ಪಟ್ಟಿಯಲ್ಲಿ. ಚಳಿಗಾಲದ ಅಯನದ ಹೊತ್ತಿಗೆ ರೋಮನರು ಆಚರಿಸುತ್ತಿದ್ದ ಸೂರ್ಯನ ಹಬ್ಬದ ಜಾಗದಲ್ಲಿ ಇದು ಬಂತು ಎನ್ನುವವರಿದ್ದಾರೆ. ಮಾರ್ಚ್ 25ರಂದು ಮರಿಯಳು ಗರ್ಭ ಧರಿಸಿದಳೆಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದ್ದರ ಫಲ ಇದು ಎನ್ನುವ ವಿದ್ವಾಂಸರೂ ಇದ್ದಾರೆ. ಆ ಮಾರ್ಚ್ 25ರ ಹಬ್ಬಕ್ಕೆ ಇನ್ನೊಂದು ವಿಚಿತ್ರ ವಂಶವಿದೆ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಕಾನೂನಿನ ಹೊಸ ವರ್ಷ ಆರಂಭವಾಗುತ್ತಿದ್ದುದು, ಬಾಡಿಗೆ ಕಂದಾಯಗಳು ಸಲ್ಲುತ್ತಿದ್ದುದು ಆ ದಿನ. ಕ್ಯಾಲೆಂಡರಿನಿಂದ ದಿನಗಳು ಕಳೆದುಹೋದಾಗ ಖಜಾನೆ ತನ್ನ ಪಾಲಿನ ದಿನಗಳನ್ನು ಬಿಟ್ಟುಕೊಡಲಿಲ್ಲ. ಲೆಕ್ಕ ಮುಂದಕ್ಕೆ ಸರಿದು ಬ್ರಿಟನ್ನಿನ ತೆರಿಗೆ ವರ್ಷ ಇಂದಿಗೂ ಏಪ್ರಿಲ್ 6ರಂದು ಆರಂಭವಾಗುತ್ತದೆ. ಮರಿಯಮ್ಮನವರ ಹಬ್ಬವೊಂದು ತೆರಿಗೆ ಇಲಾಖೆಯ ಕಡತದಲ್ಲಿ ಹೀಗೆ ಉಳಿದುಕೊಂಡಿದೆ.

ಇನ್ನು ನಲವತ್ತರ ಲೆಕ್ಕ. ಯೇಸು ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸವಿದ್ದುದರ ಅನುಸರಣೆ ಈ ವ್ರತಕಾಲ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಮೊದಲಿಗೆ ರೋಮಿನಲ್ಲಿ ಆರು ವಾರಗಳ ವ್ರತವಿದ್ದು, ಆರು ಭಾನುವಾರಗಳನ್ನು ಕಳೆದರೆ 36 ದಿನಗಳು ಮಾತ್ರ ಉಳಿಯುತ್ತಿದ್ದವು. ವರ್ಷದ ಹತ್ತನೆಯ ಒಂದು ಪಾಲನ್ನು ದೇವರಿಗೆ ಒಪ್ಪಿಸಿದಂತಾಯಿತೆಂದು ಪೋಪ್ ಮಹಾ ಗ್ರೆಗರಿ ಅದನ್ನು ಅರ್ಥೈಸಿದ್ದನು. ಆಮೇಲೆ ನಲವತ್ತು ತುಂಬಲೆಂದು ಮುಂಚಿನ ನಾಲ್ಕು ದಿನಗಳು ಸೇರಿ, ವ್ರತ ಬುಧವಾರ ಆರಂಭವಾಗುವ ಪದ್ಧತಿ ಬಂತು. ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ 46 ದಿನಗಳು. ಆರು ಭಾನುವಾರಗಳನ್ನು ಬಿಟ್ಟರೆ 40. ಮಿಲಾನಿನ ಪ್ರಾಚೀನ ವಿಧಿಯಲ್ಲಿ ಇಂದಿಗೂ ವ್ರತ ಆರಂಭವಾಗುವುದು ಭಾನುವಾರದಿಂದಲೇ.

ಈ ಕಾಲದ ಹೆಸರುಗಳನ್ನು ಭಾಷೆಯಿಂದ ಭಾಷೆಗೆ ಹಿಂಬಾಲಿಸಿದರೆ ಬೇರೊಂದು ಚರಿತ್ರೆ ತೆರೆದುಕೊಳ್ಳುತ್ತದೆ. ಇಂಗ್ಲಿಷಿನ 'ಲೆಂಟ್' ಎಂಬ ಪದಕ್ಕೆ ಉಪವಾಸದೊಂದಿಗೆ ಮೂಲತಃ ಸಂಬಂಧವೇ ಇಲ್ಲ. ಹಗಲು ಉದ್ದವಾಗುವ ಕಾಲ, ಅಂದರೆ ವಸಂತ ಎಂಬ ಅರ್ಥದ ಹಳೆಯ ಪದ ಅದು. ಲ್ಯಾಟಿನ್ ಹೆಸರಿಗೆ 'ನಲವತ್ತನೆಯದು' ಎಂದರ್ಥ. ಅದು ಪೋರ್ಚುಗೀಸಿನಲ್ಲಿ 'ಕ್ವಾರೆಜ್ಮ' ಆಗಿ, ಕರಾವಳಿಯ ಕೊಂಕಣಿಯಲ್ಲಿ 'ಕರೆಜ್ಮ್' ಎಂದು ನೆಲೆಸಿತು. 'ಕಾರ್ನಿವಲ್' ಎಂಬುದು ಮಾಂಸವನ್ನು ತೊರೆಯುವುದು ಎಂಬ ಅರ್ಥದಿಂದ ಬಂದದ್ದು. ವ್ರತಕ್ಕೆ ಮುಂಚಿನ ಕಡೆಯ ಭೋಜನದ ಗದ್ದಲ ಅದು. 'ಮಾಸ್' ಎಂಬ ಪದ ಪೂಜೆಯ ಕೊನೆಗೆ ಭಕ್ತರನ್ನು ಕಳುಹಿಸಿಕೊಡುವ ಲ್ಯಾಟಿನ್ ವಾಕ್ಯದ ಒಂದು ಪದದಿಂದ ಹುಟ್ಟಿತು. ಗುಡ್ ಫ್ರೈಡೆಯ 'ಗುಡ್' ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಪವಿತ್ರವಾದುದು ಎಂಬ ಅರ್ಥವಿತ್ತು. ಪೋರ್ಚುಗೀಸಿನಲ್ಲಿ ಅದು ಪವಿತ್ರ ಶುಕ್ರವಾರ, ಜರ್ಮನ್ನಿನಲ್ಲಿ ಶೋಕದ ಶುಕ್ರವಾರ. ಕನ್ನಡದಲ್ಲಿ ನಾವು ಇಂಗ್ಲಿಷಿನ ಇಂದಿನ ಅರ್ಥವನ್ನೇ ಹಿಡಿದು 'ಶುಭ ಶುಕ್ರವಾರ' ಎಂದೆವು. ಆದ್ದರಿಂದಲೇ ಆ ದಿನ ಶುಭಾಶಯದ ಸಂದೇಶಗಳು ಹರಿದಾಡುತ್ತವೆ. ಕಥೋಲಿಕರಿಗೆ ಅದು ಉಪವಾಸದ, ಮೌನದ ದಿನ. ಅಂದು ಗಂಟೆ ಬಾರಿಸುವುದಿಲ್ಲ, ಬಲಿಪೂಜೆ ಅರ್ಪಿಸುವುದಿಲ್ಲ. ಶುಭಾಶಯಕ್ಕೆ ಭಾನುವಾರದವರೆಗೆ ಕಾಯುವುದು ಸೌಜನ್ಯ.

ಕನ್ನಡದ ಮಾತು ಬಂದುದರಿಂದ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಶತಮಾನಗಳ ಕಾಲ ಜಗತ್ತಿನ ಬಹುತೇಕ ಕಥೋಲಿಕರ ಪೂಜಾಭಾಷೆ ಲ್ಯಾಟಿನ್ ಆಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1966ರಲ್ಲಿ ಪೋಪ್ ಆರನೆಯ ಪಾಲ್ ಉಪವಾಸದ ನಿಯಮಗಳನ್ನು ಸಡಿಲಿಸಿದರು. ಈಗ ಕಡ್ಡಾಯ ಉಪವಾಸದ ದಿನಗಳು ಎರಡೇ, ವ್ರತ ಆರಂಭದ ಬುಧವಾರ ಮತ್ತು ಗುಡ್ ಫ್ರೈಡೆ. 1969ರಲ್ಲಿ ಪೂಜಾ ಕ್ಯಾಲೆಂಡರೂ ಪರಿಷ್ಕೃತವಾಯಿತು. ಆಗ ಪ್ರತಿಯೊಂದು ಭಾಷೆಯೂ ಪೂಜೆಯ ಕಾಲಗಳಿಗೆ ತನ್ನದೇ ಹೆಸರುಗಳನ್ನು ಬಳಸುವ ಅವಕಾಶ ಪಡೆಯಿತು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ನಿರೀಕ್ಷೆ ಕನ್ನಡದಲ್ಲಿ 'ಆಗಮನ ಕಾಲ'. ಚರ್ಚಿನ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಇಲ್ಲಿಂದ. ಈಸ್ಟರಿಗೆ ಮುಂಚಿನ ವ್ರತ 'ತಪಸ್ಸು ಕಾಲ'. ಈ ವಿಶೇಷ ಋತುಗಳ ಆಚೆಯ ಹಸಿರು ವಸ್ತ್ರದ ಮೂವತ್ತಮೂರೋ ಮೂವತ್ತನಾಲ್ಕೋ ವಾರಗಳು 'ಸಾಧಾರಣ ಕಾಲ'. ಇಂಗ್ಲಿಷಿನ ಮೂಲ ಹೆಸರಿನಲ್ಲಿ ಒಂದನೆಯ ವಾರ, ಎರಡನೆಯ ವಾರ ಎಂದು ಎಣಿಸಲ್ಪಡುವ ಕಾಲ ಎಂಬ ಛಾಯೆಯಿದೆ, ಕನ್ನಡದಲ್ಲಿ ಅದು ಮರೆಯಾಗಿದೆ. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಗಳಿಕೆ. 'ತಪಸ್ಸು' ಎಂಬ ಪದ ಬರಿಯ ಸಂಖ್ಯೆ ಹೇಳುವ ಲ್ಯಾಟಿನ್ನಿಗಿಂತಲೂ, ಹಗಲಿನ ಉದ್ದ ಹೇಳುವ ಇಂಗ್ಲಿಷಿಗಿಂತಲೂ ಆ ದಿನಗಳ ಒಳಮರ್ಮಕ್ಕೆ ಹತ್ತಿರ.

ಆ ಬುಧವಾರದ ಹೆಸರು ಇನ್ನೂ ಗಮನಾರ್ಹ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ತಾಳೆ, ತೆಂಗಿನ ಗರಿಗಳನ್ನು ಸುಟ್ಟು ಆ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಮನುಷ್ಯ ಧೂಳಿನಿಂದ ಬಂದವನು, ಧೂಳಿಗೇ ಮರಳುವವನು ಎಂಬುದನ್ನು ನೆನಪಿಸುತ್ತಾರೆ. ಜಯಘೋಷಕ್ಕೆ ಎತ್ತಿದ ಗರಿಯೇ ಮುಂದಿನ ವರ್ಷದ ಬೂದಿ. ಕನ್ನಡ ಕಥೋಲಿಕರು ಇದನ್ನು 'ವಿಭೂತಿ ಬುಧವಾರ' ಎನ್ನುತ್ತಾರೆ. ಶರಣರ ನಾಡಿನಲ್ಲಿ ವಿಭೂತಿ ಎಂಬ ಪದಕ್ಕಿರುವ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸಂಪ್ರದಾಯಗಳಲ್ಲಿ ಬೂದಿಯ ಅರ್ಥ ಒಂದೇ ಅಲ್ಲ. ಆದರೂ ನೆರೆಮನೆಯವರ ಹಣೆಯನ್ನು ಕಂಡು ಈ ಪದವನ್ನು ಆರಿಸಿಕೊಂಡ ಅನುವಾದಕರು ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಕರಾವಳಿಯ ಕಥೋಲಿಕರಿಗೆ ಆ ದಿನದೊಂದಿಗೆ ಬೇರೊಂದು ನೆನಪೂ ಬೆಸೆದಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ, ಸೆರೆಯಲ್ಲಿ ಅನೇಕರು ಸತ್ತರು. ಬದುಕುಳಿದವರಲ್ಲಿ ಹಲವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಇಂಗ್ಲಿಷರೊಂದಿಗಿನ ಯುದ್ಧ, ಸಂಶಯ, ರಾಜಕಾರಣ ಎಲ್ಲವೂ ಸೇರಿದ ಆ ಪ್ರಸಂಗದ ಕಾರಣಗಳ ಕುರಿತು, ಸಂಖ್ಯೆಗಳ ಕುರಿತು ಇತಿಹಾಸಕಾರರ ಚರ್ಚೆ ಮುಗಿದಿಲ್ಲ. ಸಮುದಾಯ ಮಾತ್ರ ಆ ಬಂಧನವನ್ನು ವಿಭೂತಿ ಬುಧವಾರದ ಬಂಧನವೆಂದೇ ನೆನೆಯುತ್ತ ಬಂದಿದೆ. ನಮ್ಮ ಹಿರಿಯರು 'ಆ ವರ್ಷ ಮಹಾನವಮಿಯ ಮರುದಿನ ಹೊಳೆ ಬಂತು' ಎಂದು ಹೇಳುತ್ತಿದ್ದ ರೀತಿ ಇದು. ಇಸವಿ ಮರೆತರೂ ಹಬ್ಬ ಮರೆಯದು. ನೋವಿಗೆ ಹಬ್ಬದ ದಿನ ಸಿಕ್ಕಿದರೆ ಅದು ತಲೆಮಾರುಗಳನ್ನು ದಾಟುತ್ತದೆ.

ಪೂಜೆಗೆ ದೇಶಭಾಷೆ ಬಂದಾಗ ಹೊಸದೊಂದು ಪ್ರಶ್ನೆಯೂ ಬಂತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಇವುಗಳಲ್ಲಿ ಯಾವುದಕ್ಕೆ ಎಷ್ಟು ಸ್ಥಾನ ಎಂಬುದು ದಶಕಗಳ ಕಾಲ ಕಹಿಯಾದ ವಿವಾದವಾಯಿತು. ಯಾರಿಗೂ ತಿಳಿಯದ ಲ್ಯಾಟಿನ್ ಇದ್ದಾಗ ಯಾರೂ ಹೊರಗಿನವರಾಗಿರಲಿಲ್ಲ. ತಿಳಿಯುವ ಭಾಷೆ ಬಂದಾಗ, ಯಾರಿಗೆ ತಿಳಿಯುವ ಭಾಷೆ ಎಂಬುದು ಮುಖ್ಯವಾಯಿತು. ಪರಭಾಷೆಯ ಊರುಗಳಲ್ಲಿ ಕನ್ನಡ ಸಂಘಗಳನ್ನು ಕಟ್ಟಿಕೊಂಡು ಬಾಳುವ ನಾವು ಈ ವಿವಾದದ ಎರಡೂ ಬದಿಯ ಮನಸ್ಸನ್ನು ಅರಿಯಬಲ್ಲೆವು. ನೆಲದ ಭಾಷೆಯ ಹಕ್ಕು ಒಂದು ಸತ್ಯ. ದೂರದಿಂದ ಬಂದವನು ತನ್ನ ಪ್ರಾರ್ಥನೆಯನ್ನಾದರೂ ತನ್ನ ನುಡಿಯಲ್ಲಿ ಮಾಡಬೇಕೆಂದು ಬಯಸುವುದೂ ಅಷ್ಟೇ ಸತ್ಯ.

ಒಂದೇ ದಿನ ಬೇರೆಬೇರೆ ನೆಲದಲ್ಲಿ ಹೇಗೆ ಬೇರೂರುತ್ತದೆ ಎಂಬುದಕ್ಕೆ ಸೆಪ್ಟೆಂಬರ್ 8 ಉತ್ತಮ ನಿದರ್ಶನ. ಅದು ಕನ್ಯಾ ಮರಿಯಮ್ಮನವರ ಜನ್ಮದಿನದ ಹಬ್ಬ. ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾದಲ್ಲಿ ಅಂದು ಜನಸಾಗರ. ತಮಿಳುನಾಡಿನ ವೇಳಾಂಕಣಿಯಲ್ಲಿ ಯಾತ್ರೆಯ ಕೊನೆಯ ದಿನ. ಮುಂಬೈಯ ಬಾಂದ್ರಾದ ಗುಡ್ಡದ ಮೇಲೆ ಮೌಂಟ್ ಮೇರಿಯ ಜಾತ್ರೆ ಈ ಹಬ್ಬವನ್ನು ಅನುಸರಿಸಿಯೇ ನಡೆಯುತ್ತದೆ; ಹರಕೆ ಹೊತ್ತು ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಮಂಗಳೂರು, ಉಡುಪಿಗಳಲ್ಲಿ ಇದು 'ಮೊಂತಿ ಫೆಸ್ತ್', ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಳ ಮೂರ್ತಿಗೆ ಹೂ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಹೊಸ ಅಕ್ಕಿ ಬೆರೆಸಿದ ಊಟ, ಅದೂ ಸಸ್ಯಾಹಾರದ ಊಟ. ತುಳುವರ ಹೊಸ ಅಕ್ಕಿ ಊಟಕ್ಕೂ ಕೊಡಗಿನ ಹುತ್ತರಿಗೂ ಇದು ಹತ್ತಿರದ ಬಂಧು. ರೋಮಿನ ಪಟ್ಟಿಯಲ್ಲಿ ತೆನೆಯ ಮಾತಿಲ್ಲ. ಅದನ್ನು ಸೇರಿಸಿದ್ದು ಭಾದ್ರಪದದಲ್ಲಿ ತೆನೆಗಟ್ಟುವ ಕರಾವಳಿಯ ಗದ್ದೆ.

ಚಂದ್ರನ ಲೆಕ್ಕ ಯೆಹೂದ್ಯರಿಂದ, ಸೂರ್ಯನ ಲೆಕ್ಕ ರೋಮಿನಿಂದ, ಹೆಸರುಗಳು ಪೋರ್ಚುಗೀಸು, ಇಂಗ್ಲಿಷು, ಕನ್ನಡಗಳಿಂದ, ತೆನೆ ತುಳುನಾಡಿನಿಂದ. ಕಥೋಲಿಕ ವರ್ಷವೆಂದರೆ ಹೀಗೆ ಪದರಪದರವಾಗಿ ಕೂಡಿದ ಕಾಲ. ಹೊರನಾಡಿನಲ್ಲಿ ಯುಗಾದಿಯ ಬೇವಿನ ಹೂವಿಗಾಗಿ ಮಾರುಕಟ್ಟೆ ಸುತ್ತುವ ನಮ್ಮಂತೆಯೇ, ಗದ್ದೆಯೇ ಇಲ್ಲದ ಮುಂಬೈಯಲ್ಲಿ ಮಂಗಳೂರಿನ ಕುಟುಂಬಗಳು ಸೆಪ್ಟೆಂಬರ್ 8ಕ್ಕೆ ತೆನೆಯನ್ನು ಹೊಂದಿಸಿಕೊಂಡು ಮೊಂತಿ ಹಬ್ಬ ಮಾಡುತ್ತವೆ. ಮುಂದಿನ ವರ್ಷದ ರಜಾ ಪಟ್ಟಿಯಲ್ಲಿ ಗುಡ್ ಫ್ರೈಡೆ ಮತ್ತೆ ಜಾಗ ಬದಲಿಸಿದ್ದನ್ನು ಕಂಡು ಯಾರಾದರೂ ಕಾರಣ ಕೇಳಿದರೆ, ಪಂಚಾಂಗ ತೆರೆದು ಚೈತ್ರದ ಆಚೀಚೆಯ ಹುಣ್ಣಿಮೆಯನ್ನು ತೋರಿಸಬಹುದು. ಬಹುತೇಕ ವರ್ಷಗಳಲ್ಲಿ ಆ ಶುಕ್ರವಾರ ಅದರ ಅಕ್ಕಪಕ್ಕದಲ್ಲೇ ಸಿಗುತ್ತದೆ.